ಸಾರು ನಿಲ್ಲುವ ಗಾಜಿನ ಬಟ್ಟಲು

ಮುಚ್ಚಿಟ್ಟ ಪಾತ್ರೆ ಕಂಡರೆ ಮುಚ್ಚಳ ಎತ್ತಿ ನೋಡದೆ ಇರಲಾರದ ಗಂಡಸರು ಕೆಲವರಿರುತ್ತಾರೆ. ನಾನು ಅವರ ಪೈಕಿ. ಅನ್ನ ಬೇಯುವಾಗ ಮುಚ್ಚಳ ಎತ್ತಿ ಹೆಂಡತಿ ಶಾಂತವ್ವನಿಂದ ಎಷ್ಟು ಸಲ ಬೈಸಿಕೊಂಡಿದ್ದೇನೋ! ಇಂಥ ನಾನು ರಬಕವಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ಮೇಲೆ, ಹಿತ್ತಲಲ್ಲಿ ಗಾಜು ಬಾಗಿಸುವ ಕರೆಂಟಿನ ಭಟ್ಟಿ ಇಟ್ಟುಕೊಂಡೆ. ಅದು ತಾನಾಗಿ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬಾರದು. ಮುಟ್ಟಿದರೆ ಒಳಗಿನ ಗಾಜು ಸೀಳುತ್ತದೆ.

ಹಾಗಾಗಿ ಬೇಗ ಆಗುವ ತಟ್ಟೆಗಳನ್ನೇ ಮಾಡುತ್ತಿದ್ದೆ. ಮನೆ ತುಂಬ ತಟ್ಟೆ. ಶಾಂತವ್ವ ಪ್ರತಿಯೊಂದನ್ನೂ ತಿರುಗಿಸಿ ನೋಡಿ, "ಛಲೋ ಐತ್ರೀ. ಆದ್ರ ಇಬ್ಬರದೂ ಸಾರು ಇದರಾಗ ನಿಂದ್ರಂಗಿಲ್ಲ. ಒಂದ ಆಳದ ಬಟ್ಟಲಾ ಮಾಡ್ರಿ, ಕೂಡಿ ರೊಟ್ಟಿ ಮುರಕೊಂಡು ಉಣ್ಣೂಣು" ಎನ್ನುತ್ತಿದ್ದಳು. ನಾನು "ಮುಂದಿನ ವಾರ" ಎನ್ನುತ್ತಿದ್ದೆ. ಹೀಗೆ ಆರು ವರ್ಷ ಹೋಯಿತು. ಹೋದ ಯುಗಾದಿಯ ಹೊತ್ತಿಗೆ ಎರಡೇ ದಿನದ ಜ್ವರದಲ್ಲಿ ಅವಳೂ ಹೋದಳು.

ಆಮೇಲೆ ನನಗೆ ಆಳದ ಬಟ್ಟಲಿನ ಹುಚ್ಚು ಹಿಡಿಯಿತು. ಮೊದಲು ಮಣ್ಣಿನ ಗಡಿಗೆ ಬೋರಲು ಹಾಕಿ ಅದರ ಮೇಲೆ ಗಾಜಿನ ಹಾಳೆ ಹೊದಿಸಿದೆ. ಕಾದ ಗಾಜು ಸುತ್ತಲೂ ಇಳಿಬಿದ್ದು ನಿರಿಗೆಯಾಯಿತು. ತಣಿಯುವಾಗ ಗಾಜು ಮಣ್ಣಿಗಿಂತ ಹೆಚ್ಚು ಕುಗ್ಗುತ್ತದಂತೆ. ಗಡಿಗೆಯನ್ನು ಬಿಗಿಯಾಗಿ ಅಪ್ಪಿಕೊಂಡೇ ಒಡೆಯಿತು. ಶಾಂತವ್ವನ ತಂಗಿ ಗಂಗವ್ವ ಬನಹಟ್ಟಿಯ ಸೀರೆ ನೇಯುವ ಮನೆಯವಳು. ನನ್ನನ್ನು ನೋಡಿಕೊಂಡು ಹೋಗಲು ಬಂದಿದ್ದವಳು ಚೂರೊಂದನ್ನು ಎತ್ತಿ ಹಿಡಿದು, "ನಿರಿಗಿ ಛಲೋ ಬಂದಾವ ಮಾಮಾ, ಸೆರಗ ಎಲ್ಲೈತಿ?" ಎಂದಳು. ಎರಡನೆಯ ಸಲ, ನಡುವೆ ದೊಡ್ಡ ತೂತಿರುವ ಸುಟ್ಟ ಮಣ್ಣಿನ ಬಿಲ್ಲೆಯನ್ನು ಎತ್ತರದಲ್ಲಿಟ್ಟು ಅದರ ಮೇಲೆ ಹಾಳೆ ಇಟ್ಟು, ಕಾದ ಗಾಜು ತೂತಿನಿಂದ ಕೆಳಗೆ ಜೋತು ಬೀಳುವಂತೆ ಮಾಡಿದೆ. ಆಳವೇನೋ ಬಂತು, ಆದರೆ ಎಳೆದೆಳೆದು ಗೋಡೆ ಹಪ್ಪಳದಷ್ಟು ತೆಳುವಾಯಿತು. ಬಿಸಿ ಸಾರು ಹೊಯ್ದ ಕೂಡಲೇ ಚಿಟ್ಟೆಂದು ಸೀಳಿತು.

ಉಳಿದದ್ದು ನಿಧಾನದ ದಾರಿ. ಮೊದಲು ಕಡಿಮೆ ತಗ್ಗಿನ ಅಚ್ಚಿನೊಳಗೆ ಗಾಜನ್ನು ಇಳಿಸಿ ತಣಿಸಬೇಕು, ಆಮೇಲೆ ಇನ್ನಷ್ಟು ತಗ್ಗಿನದರಲ್ಲಿ, ಕೊನೆಗೆ ಆಳದ ಅಚ್ಚಿನಲ್ಲಿ. ಮೂರು ಸಲವೂ ಮುಚ್ಚಳ ಮುಟ್ಟದೆ ಕೂರಬೇಕು. ಈ ದಾರಿ ನನಗೆ ಮೊದಲಿನಿಂದಲೂ ಗೊತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಕೊನೆಯ ಆಳದ ಅಚ್ಚು ಭಟ್ಟಿಯಲ್ಲಿದ್ದಾಗ ಕೈ ತಡೆಯಲಾರದೆ ಮುಚ್ಚಳದ ಕಡೆ ಹೋಯಿತು. ಹಿಂದಿನಿಂದ ಗಂಗವ್ವ, "ಅದಕ್ಕ ಕೈ ಹಚ್ಚಬ್ಯಾಡ್ರಿ!" ಎಂದು ಗದರಿದಳು. ಥೇಟ್ ಅಕ್ಕನದೇ ದನಿ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಹಾಗಾಗಿ ಬಟ್ಟಲು ಉಳಿಯಿತು.

ಮರುದಿನ ಗಂಗವ್ವ ಊರಿಗೆ ಹೋದ ಮೇಲೆ ಊಟಕ್ಕೆ ಕೂತೆ. ಆರಿದ ಸಾರನ್ನು ಬಟ್ಟಲಿಗೆ ಹೊಯ್ದೆ. ನಿಂತಿತು, ಆದರೆ ಎಲ್ಲೋ ತಳದಲ್ಲಿ. ರೊಟ್ಟಿ ಅದ್ದಲು ಮಣಿಕಟ್ಟಿನವರೆಗೆ ಕೈ ಇಳಿಸಬೇಕಾಯಿತು. ಮೂವತ್ತು ವರ್ಷ ಮಕ್ಕಳಿಗೆ ಅಳತೆ ಕಲಿಸಿದ ಮಾಸ್ತರ, ಒಬ್ಬನ ಊಟಕ್ಕೆ ಇಬ್ಬರ ಬಟ್ಟಲು ಮಾಡಿದ್ದ.

ಈಗ ಮತ್ತೆ ತಟ್ಟೆಯಲ್ಲೇ ಉಣ್ಣುತ್ತೇನೆ. ಒಬ್ಬನ ಸಾರು ಅದರಲ್ಲೂ ನಿಲ್ಲುತ್ತದೆ.