ಮಾಮನ ಬಾಳೆಹಣ್ಣಿನ ಮೀಟರು

ನಮ್ಮ ಮಾಮ ಮನುಷ್ಯರ ಮಾತು ನಂಬುವುದಿಲ್ಲ, ಎಂಜಲು ನಂಬುತ್ತಾರೆ! ನಗಬೇಡಿ. ಭಾಲ್ಕಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸಿ, ನಿವೃತ್ತರಾಗಿ ಬೀದರಿನಲ್ಲಿ ಮನೆ ಮಾಡಿದ ಈ ಮನುಷ್ಯ ಮೊದಲು ನಮ್ಮ ನಿಮ್ಮ ಹಾಗೆಯೇ ಇದ್ದರು. ಅತ್ತೆಗೆ ಕಂಪವಾತ ಬಂತು ನೋಡಿ, ಅಲ್ಲಿಂದ ಕೆಟ್ಟಿತು. ಮಿದುಳಿನಲ್ಲಿ ಡೋಪಮಿನ್ ಎಂಬ ರಸ ಕಡಿಮೆಯಾಗಿದೆ, ಗುಳಿಗೆಯ ಪ್ರಭಾವ ಇಳಿದಾಗ ಕೈ ಬಿಗಿಯುತ್ತದೆ ಎಂದರು ಡಾಕ್ಟರು. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಡುವೆಯೇ ನಿಂತುಬಿಡುವುದನ್ನು ಮಾಮನಿಂದ ನೋಡಲಾಗಲಿಲ್ಲ. ಅದು ಬಿಗಿಯುವ ಮೊದಲೇ ತಮಗೆ ಗೊತ್ತಾಗಬೇಕೆಂದು ಹಟ ಹಿಡಿದರು.

ದೊಡ್ಡ ಪ್ರಯೋಗಾಲಯಗಳಲ್ಲಿ ಕೂದಲಿಗಿಂತ ತೆಳ್ಳಗಿನ ಇಂಗಾಲದ ಎಳೆಯನ್ನು ಮಿದುಳಿಗೇ ಇಳಿಸಿ, ಅದರಲ್ಲಿ ಹರಿಯುವ ಕರೆಂಟಿನಿಂದ ಡೋಪಮಿನ್ ಅಳೆಯುತ್ತಾರಂತೆ. ಮಾಮ ಇದನ್ನು ಅತ್ತೆಗೆ ಉತ್ಸಾಹದಿಂದ ವಿವರಿಸಿದರು.

"ನನ್ನ ತಲ್ಯಾಗ ಏನರೆ ಚುಚ್ಚಿದ್ರ ಔರಾದಕ್ಕ ತವರಮನಿಗಿ ಹೋಗ್ತೇನಿ ನೋಡ್ರಿ!"

ಸರಿ, ತಲೆ ಬಿಟ್ಟು ಬಾಯಿಗೆ ಬಂದರು; ಎಂಜಲಿನಲ್ಲೂ ಡೋಪಮಿನ್ ತುಸು ಇರುತ್ತದಂತೆ. ಪೆನ್ಸಿಲ್ಲಿನೊಳಗಿನ ಕಡ್ಡಿಗೆ ಬಾಳೆಹಣ್ಣು ಬಳಿದು, ತಂತಿ ಸುತ್ತಿ, ಮೀಟರಿಗೆ ಸೇರಿಸಿದರು. ಬಾಳೆಹಣ್ಣು ಯಾಕೆ? ಅದರಲ್ಲಿರುವ ಕಿಣ್ವಕ್ಕೆ ಡೋಪಮಿನ್‌ನ ಗುರುತು ಸಿಗುತ್ತದಂತೆ! ನನ್ನ ಎಂಜಲಲ್ಲಿ ಅದ್ದಿದರು, ಮೀಟರಿನ ಮುಳ್ಳು ಏಳಲಿಲ್ಲ. ಅತ್ತೆಯದರಲ್ಲೂ ಏಳಲಿಲ್ಲ. ಕೈತಪ್ಪಿ ಕಡ್ಡಿ ತಾಟಿನಲ್ಲಿದ್ದ ಹಣ್ಣಿಗೇ ಚುಚ್ಚಿಕೊಂಡಿತು ನೋಡಿ, ಮುಳ್ಳು ಎದ್ದು ಕುಣಿಯಿತು! ಬಾಳೆಹಣ್ಣಿನಲ್ಲೂ ಡೋಪಮಿನ್ ಇರುತ್ತದಂತೆ.

"ನಮ್ಮ ಮನ್ಯಾಗ ಬಾಳಿಹಣ್ಣೊಂದೇ ಆರಾಮ ಅದ ಬಿಡ್ರಿ," ಎಂದರು ಅತ್ತೆ.

ಅತ್ತೆಯ ತಮ್ಮನ ಮಗಳ ನಿಶ್ಚಯಕ್ಕೆಂದು ಔರಾದಿಗೆ ಹೋದಾಗಲೂ ಮೀಟರು ಚೀಲದಲ್ಲಿತ್ತು. ನಿಂಬೆ ಶರಬತ್ತು ಕುಡಿದು ಕುಳಿತಿದ್ದ ವರನ ಬಾಯಿಗೆ ಮಾಮ ಚಮಚ ಹಿಡಿದೇಬಿಟ್ಟರು. ಮುಳ್ಳು ಅರ್ಧ ದಾಟಿ ಹಾರಿತು. ಡೋಪಮಿನ್ ಅಂದರೆ ಖುಷಿಯ ರಸವೂ ಹೌದಂತೆ, ಮಾಮ ಸಾರಿಯೇಬಿಟ್ಟರು:

"ಹುಡುಗ ಭಾಳ ಖುಷಿ ಅದಾನ್ರೀ!"

ಚಪ್ಪಾಳೆಯೋ ಚಪ್ಪಾಳೆ! ಆ ಹುರುಪಿನಲ್ಲಿ ವರನ ಅಪ್ಪನನ್ನೂ ಹಿಡಿದರು. ಊಟ ತಡವಾಯಿತೆಂದು ಎರಡು ಲೋಟ ಶರಬತ್ತು ಕುಡಿದು ಮುಖ ಗಂಟು ಹಾಕಿಕೊಂಡಿದ್ದ ಅವರದು ಮಗನಿಗಿಂತ ಮೇಲೇರಿತು.

"ಏನ್ ಖುಷಿರಿ? ಹೊಟ್ಟಿ ಹಸದು ಸಾಯ್ಲತ್ತೀನಿ!"

ನಿಂಬೆಹಣ್ಣಿನ ವಿಟಮಿನ್ ಸಿ ಕೂಡ ಅದೇ ಕರೆಂಟು ಕೊಡುತ್ತದೆಂಬುದು ನಮ್ಮ ಕೆಮಿಸ್ಟ್ರಿ ಮಾಸ್ತರರಿಗೆ ನೆನಪಾದದ್ದು ವಾಪಸು ಬರುವ ಬಸ್ಸಿನಲ್ಲಿ.

ಮೊನ್ನೆ ಹೋದಾಗ ಮತ್ತೆ ಕಡ್ಡಿ ಮಸೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಮಾಮಾ, ಇಷ್ಟೆಲ್ಲ ಯಾಕ್ರಿ? ಅತ್ತೆಗೇ ಕೇಳಿದ್ರ ಆಗಲ್ಲೇನ್ರಿ?"

ಮಾಮ ದನಿ ಇಳಿಸಿದರು. "ಆಕಿ ಎಲ್ಲಿ ಹೇಳ್ತಾಳೋ? ಲಗ್ನ ಆದಾಗಿಂದ ಒಂದಿನ ಬ್ಯಾಸರ ಆಯ್ತು ಅಂದಾಕಿ ಅಲ್ಲ. ಎಲ್ಲಾ ನುಂಗತಾಳ. ಅದಕ್ಕ ಮೀಟರಿಗಿ ಕೇಳ್ತೇನಿ."

ಒಳಗೆ ಹಿಟ್ಟು ನಾದುತ್ತಿದ್ದ ಅತ್ತೆಗೆ ಕೇಳಿಸಿತ್ತು. ಎದ್ದು ಬಂದು ಬಾಗಿಲಲ್ಲಿ ನಿಂತರು.

"ನೀವು ಯಾವಾಗರೆ ಕೇಳೀರೇನ್ರಿ?"

ಇಡೀ ಭಾಲ್ಕಿಗೆ ಪಾಠ ಹೇಳಿದ ಮಾಮ ಕಡ್ಡಿಯನ್ನು ಕೆಳಗಿಟ್ಟರು. ನನಗೂ ನಗು ಬರಲಿಲ್ಲ. ಮಾಮ ಮೆಲ್ಲಗೆ ಕೇಳಿದರು, "ಈಗ ಹ್ಯಾಂಗದ?"

"ಕೈ ಬಿಗಿಲತ್ತದ್ರಿ. ಅಂಜಿಕಿ ಬರ್ತದ."

ಮಾಮ ಎದ್ದು ಹೋಗಿ, ಹಿಟ್ಟು ಮೆತ್ತಿದ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು.