ಕ್ರಾಸ್‌ಓವರಿನಲ್ಲಿ ಬಂದ ಅವ್ವ

ಪೆಟ್ಟಿಗೆಯೊಳಗಿಂದ ಮನುಷ್ಯರ ದನಿ ಹೊರಡಿಸಲು ಹೋದವನಿಗೆ ನಡುಕ, ನಗು ಎರಡೂ ಜೊತೆಗೇ ಬರುತ್ತವೆ. ನನಗಂತೂ ತಪ್ಪಿದ್ದೇ ಇಲ್ಲ. ಗುಂಡ್ಲುಪೇಟೆಯಲ್ಲಿ ಮೋಟಾರ್ ವೈಂಡಿಂಗ್ ನನ್ನ ಕಸುಬು, ಸ್ಪೀಕರ್ ಕಟ್ಟುವುದು ಹುಚ್ಚು. ಒಂದು ದಿನ ಈರುಳ್ಳಿ ಮಂಡಿಯ ಸಾಹುಕಾರರು ಬಂದರು. ತೀರಿಹೋದ ತಾಯಿಯ ದನಿ ಅವರ ಫೋನಿನಲ್ಲಿತ್ತು.

"ಇದ್ರಲ್ಲಿ ಸೊಳ್ಳೆ ಮಾತಾಡ್ದಂಗದೆ. ಅವ್ವ ಮನೇಲೇ ಅವ್ಳೆ ಅನ್ನಂಗೆ ಕೇಳುಸ್ಬೇಕು ಕಣಪ್ಪ," ಎಂದರು. ಅವರ ಕಣ್ಣು ತುಂಬಿತ್ತು, ಒಪ್ಪಿಕೊಂಡೆ.

೧. ಸುತ್ತು ಹೆಚ್ಚಾಯ್ತು

ಮೊದಲು ಪ್ಯಾಸಿವ್ ಕ್ರಾಸ್‌ಓವರ್ ಹಾಕಿದೆ. ಅಂದರೆ ಪೆಟ್ಟಿಗೆಯೊಳಗೇ ತಂತಿಸುರುಳಿ, ಕೆಪಾಸಿಟರ್ ಕೂತು ದಪ್ಪ ದನಿಯನ್ನು ದೊಡ್ಡ ಸ್ಪೀಕರಿಗೆ, ಸಣ್ಣ ದನಿಯನ್ನು ಚಿಕ್ಕದಕ್ಕೆ ಹಂಚುತ್ತವೆ. ಸುರುಳಿಯನ್ನು ನಾನೇ ಸುತ್ತಿದೆ. ಪಂಪ್‌ಸೆಟ್ಟಿಗೆ ಸುತ್ತಿ ಸುತ್ತಿ ಪಳಗಿದ ಕೈ, ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಸುತ್ತು ಹೆಚ್ಚಾಗಿ ನಡುವಿನ ದನಿಯೇ ಮಾಯ. ಅವರ ನಡುಮನೆಯಲ್ಲಿ ಅರ್ಧ ಗಂಟಲಿನ ಹೆಂಗಸೊಬ್ಬಳು ಮಾತಾಡತೊಡಗಿದಳು. ನನ್ನ ಮೈ ಜುಮ್ಮೆಂದಿತು.

ಸಾಹುಕಾರರು ಕಿವಿಗೊಟ್ಟು ಕೇಳಿ ತಲೆಯಾಡಿಸಿದರು. "ಇದು ನಮ್ಮವ್ವ ಅಲ್ಲ ಕಣಪ್ಪ. ಅವ್ಳ ತಂಗಿ. ಇನ್ನೂ ಬದುಕವ್ಳೆ, ಉಮ್ಮತ್ತೂರಲ್ಲಿ."

೨. ಪಿಸುಮಾತು

ಆಮೇಲೆ ಆಕ್ಟಿವ್ ಮಾಡಿದೆ. ದನಿಯನ್ನು ಮೊದಲೇ ಎರಡಾಗಿ ಸೀಳಿ, ಒಂದೊಂದು ಸ್ಪೀಕರಿಗೂ ಬೇರೆ ಬೇರೆ ಆಂಪ್ಲಿಫೈಯರ್ ಕೊಟ್ಟೆ. ದೊಡ್ಡ ಸ್ಪೀಕರಿನ ಆಂಪ್ಲಿಫೈಯರಿಗೆ ಸ್ವಿಚ್ ಹಾಕಲು ಮರೆತೆ. ಬರೀ 'ಸ್... ಚ್...' ಎಂಬ ಪಿಸುಗುಟ್ಟು ಗೋಡೆಯಿಂದ ಗೋಡೆಗೆ ಹರಿದಾಡಿತು. ಬಾಗಿಲಲ್ಲಿದ್ದ ಸಾಹುಕಾರರ ಹೆಂಡತಿ ಬೀದಿಗೇ ಓಡಿದರು. ಹಿಂದೆಯೇ ಹೋಗಿ, ಹೆದರಬೇಡಿ, ನಿಮ್ಮ ಅತ್ತೆಯದೇ ದನಿ ಎಂದೆ.

"ಸುಳ್ಳೇಳ್ಬೇಡಿ. ನಮ್ಮತ್ತೆ ಒಂದಿನಾನೂ ಇಷ್ಟು ಮೆತ್ತಗೆ ಮಾತಾಡ್ದೋರಲ್ಲ!"

೩. ಊಟದ ಹೊತ್ತು

ಎರಡೂ ಸ್ವಿಚ್ ಹಾಕಿ, ಹದ ಮಾಡಿ, ಮಟಮಟ ಮಧ್ಯಾಹ್ನ ಮತ್ತೆ ಬಿಟ್ಟೆ. ನಾನು ಮನೆಯಲ್ಲಿ ಉಂಡೇ ಹೋಗಿದ್ದೆ. ಸ್ಕ್ರೂಡ್ರೈವರ್ ಹಿಡಿದು ಮೂಲೆಯಲ್ಲಿ ಕೂತಿದ್ದೆ. ಹಿಂದೆ ಯಾವತ್ತೋ ಕೂಲಿಯವರಿಗೆ ಬಡಿಸುವಾಗ ಹಿಡಿದ ದನಿ ಅದು. ಈ ಸಲ ಉಸಿರು, ಬಳೆ ಸದ್ದಿನ ಸಮೇತ ಬಂತು: "ಉಣ್ಣಾಕೆ ಬಾರ್ಲಾ, ಆರೋಯ್ತದೆ!"

ಐವತ್ತು ದಾಟಿದ ಸಾಹುಕಾರರು "ಬಂದೆ ಕಣವ್ವಾ" ಎಂದು ಎದ್ದೇಬಿಟ್ಟರು. ಕೆನ್ನೆ ಮೇಲೆ ನೀರಿಳಿಯುತ್ತಿತ್ತು. ಹೆಂಡತಿ ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ನಡೆದರು. ಅಷ್ಟರಲ್ಲಿ ಪೆಟ್ಟಿಗೆ ಮತ್ತೆ ಮಾತಾಡಿತು: "ಮೂಲೇಲಿ ಕುಂತವ್ನಲ್ಲ, ಅವನ್ಗೂ ಇಕ್ಕಮ್ಮಿ. ನಾಚ್ಕೋತನೆ. ಎಲ್ಡು ಮುದ್ದೆ ಇಕ್ಕು."

ತಟ್ಟೆ ಬಂತು. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೂ ಎರಡನ್ನೂ ನುಂಗಿದೆ. ಬೇಡ ಅಂದಿದ್ದು ಆ ಪೆಟ್ಟಿಗೆಗೆ ಕೇಳಿಸಿಬಿಟ್ಟರೆ?