ದಾರಿಯ ತಿರುವಿನಲ್ಲಿ ಬಂಡೆ ಬಿಟ್ಟುಹೋದ ಹಿಮನದಿಗೆ

ಮಾನ್ಯ ಹಿಮನದಿಯವರೇ,

ಬೆಂಟ್ ಪೈನ್ ಊರಿನ ಎಟಿವಿ ಸವಾರರ ಸಂಘದ ಕಾರ್ಯದರ್ಶಿಯಾದ ಹಾರ್ಲನ್ ಕ್ವಿಸ್ಟ್ ಎಂಬ ನಾನು, ತಮಗೆ ಪಾದಗಳಿದ್ದರೆ ಅವಕ್ಕೆ ನಮಸ್ಕರಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ವಿಸ್ಕಾನ್ಸಿನ್ನಿನ ಈ ಮೂಲೆಯಿಂದ ತಾವು ಹಿಂದೆ ಸರಿದು ಸಾವಿರಾರು ವರ್ಷಗಳಾದರೂ ತಾವು ತೋಡಿದ ಕೆರೆಗಳಲ್ಲಿ ಮೀನಿಗೆ ಕೊರತೆಯಿಲ್ಲ, ತಾವು ಸುರಿದ ಜಲ್ಲಿದಿಬ್ಬಗಳ ಪೈನ್ ಕಾಡಿನಲ್ಲಿ ಬೈಕಿನಂತೆ ಏರಿ ಕೂರುವ ನಮ್ಮ ನಾಲ್ಕು ಚಕ್ರದ ಎಟಿವಿ ಗಾಡಿಗಳು ಸುಖವಾಗಿ ಓಡುತ್ತಿವೆ. ಇಷ್ಟು ಬಾಳಿಕೆಯ ರಸ್ತೆ ಕೆಲಸವನ್ನು ಯಾವ ಗುತ್ತಿಗೆದಾರನೂ ಮಾಡಿದ್ದನ್ನು ನಾನು ಕಂಡಿಲ್ಲ.

ಆದರೆ ಸ್ವಾಮಿ, ಹೊರಡುವ ಗಡಿಬಿಡಿಯಲ್ಲಿ ತಾವೊಂದು ಸಾಮಾನು ಮರೆತಿದ್ದೀರಿ. ಎರಡೂ ಕಡೆ ಜೌಗಿರುವ ಕಿರಿದಾದ ದಿಬ್ಬದ ತಿರುವಿನಲ್ಲಿ, ಗಾಡಿ ಕಷ್ಟಪಟ್ಟು ನುಸುಳುವಷ್ಟೇ ಜಾಗ ಬಿಟ್ಟು, ನಮ್ಮ ಹಿತ್ತಲಿನ ಹಬೆಸ್ನಾನದ ಸೌನಾ ಕೋಣೆಯಷ್ಟು ದೊಡ್ಡ ಬಂಡೆ ಕೂತಿದೆ. ಅದನ್ನು ಕೆನಡಾದಿಂದ ತಾವೇ ಹೊತ್ತು ತಂದಿರೆಂದು ತಿಳಿದವರು ಹೇಳುತ್ತಾರೆ. ಗಡಿಯಲ್ಲಿ ಯಾರೂ ತಡೆಯದಿದ್ದದ್ದು ತಮ್ಮ ವರ್ಚಸ್ಸಿಗೆ ಸಾಕ್ಷಿ.

ಕಳೆದ ಶನಿವಾರ ಚರ್ಚಿನ ಊಟಕ್ಕೆ ಹೋಗುವಾಗ ನಾನು ಮತ್ತೆ ಅದಕ್ಕೆ ಗುದ್ದಿದೆ. ಹಿಂದೆ ಕುಳಿತಿದ್ದ ನನ್ನ ಹೆಂಡತಿ ವರ್ನಾಳ ಮಡಿಲಿನಿಂದ ಊಟಕ್ಕೆಂದು ಮಾಡಿದ್ದ ರೂಬಾರ್ಬ್ ಪೈ ಎಂಬ ಹುಳಿಸಿಹಿ ತಿನಿಸು ಹಾರಿ ಜೌಗಿನ ಪಾಲಾಯಿತು. "ಆ ಮಂಜುಗಡ್ಡೆ ತೆವಳ್ಕೊಂಡು ಹೋಗಿ ಬೆಟ್ಟ ಸವೆಸ್ತು, ನೀನು ಹಾರ್ಕೊಂಡು ಹೋಗಿ ಬಂಪರ್ ಸವೆಸ್ತಿದೀಯ. ಇನ್ಮೇಲೆ ನಾನು ಡೆಲ್ಮರ್ ಗಾಡೀಲೇ ಬರ್ತೀನಿ" ಎಂದಳು. ನೆರೆಮನೆಯ ಡೆಲ್ಮರನ ಗಾಡಿಗೆ ಚಾವಣಿಯುಂಟು, ಬೆಲ್ಟ್ ಉಂಟು, ಕಾಫಿ ಲೋಟ ಇಡಲು ಕುಳಿಯೂ ಉಂಟು. ಇಷ್ಟು ವರ್ಷ ನನ್ನ ಸೊಂಟ ಹಿಡಿದು ಕುಳಿತು ಬೈಯುತ್ತಿದ್ದವಳು ಇಲ್ಲದೆ ನನಗೆ ಕಾಡೇ ರುಚಿಸುತ್ತಿಲ್ಲ, ತಮ್ಮಲ್ಲಿ ಮುಚ್ಚಿಡುವುದೇನು.

ಆದ್ದರಿಂದ ಮುಂದಿನ ಹಿಮಯುಗದವರೆಗೆ ಕಾಯಿಸದೆ ತಾವು ಖುದ್ದಾಗಿ ದಯಮಾಡಿಸಿ, ತಮ್ಮ ಸ್ವತ್ತನ್ನು ವಾಪಸು ಒಯ್ಯಬೇಕಾಗಿ ವಿನಂತಿ. ಬರುವಾಗ ಚರ್ಚನ್ನೂ ಬಾರನ್ನೂ ಮುಟ್ಟದೆ ಸುತ್ತುಹಾಕಿ ಬಂದರೆ ಉಪಕಾರ. ಡೆಲ್ಮರನ ಗ್ಯಾರೇಜಿನ ಮೇಲೆ ಹಾದುಬಂದರೆ ಸಂಘದ ಆಕ್ಷೇಪವಿಲ್ಲ.

ತಮ್ಮ ಬಂಡೆಯ ಸದ್ಯದ ಕಾವಲುಗಾರನೂ
ತಮ್ಮ ವಿಶ್ವಾಸಿಯೂ ಆದ,
ಹಾರ್ಲನ್ ಕ್ವಿಸ್ಟ್

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ವರ್ನಾ ಕಾಡಿನಿಂದ ನಡೆದೇ ಮನೆಗೆ ಬಂದಳು, ಡೆಲ್ಮರನೂ ಅದೇ ಬಂಡೆಗೆ ಗುದ್ದಿದನಂತೆ. "ನೀನಾದ್ರೆ ಗುದ್ದಿದ್ಮೇಲೆ ಮೊದಲು ನನಗೇಟಾಯ್ತಾ ಅಂತ ನೋಡ್ತೀಯ, ಆಮೇಲೆ ಬೈಸ್ಕೋತೀಯ. ಅವನು ಇಳಿದೋನೇ ಬಂಪರ್ ಸವರ್ತಾ ಕೂತ" ಎಂದಳು. ಮೇಲಿನ ವಿನಂತಿ ರದ್ದು, ಬಂಡೆ ಅಲ್ಲೇ ಇರಲಿ. ತಮ್ಮಲ್ಲಿ ಅಂಥದೇ ಇನ್ನೊಂದು ಉಳಿದಿದ್ದರೆ ಡೆಲ್ಮರನ ಗ್ಯಾರೇಜಿನ ಬಾಗಿಲಿಗೆ ಇಟ್ಟುಹೋಗಿ. ತಾವು ನಿಧಾನವಾಗಿಯೇ ಬನ್ನಿ, ಅವನು ಊರು ಬಿಡುವ ಹಾಗೆ ಕಾಣುವುದಿಲ್ಲ.